ಕಾಡಪ್ಪನ ತೋಟದ ಕಂಬ

...ಅಲ್ಲೀಗಂಟ ಬರ್ಕೊಂಡ್ಯಾ ಮಾದೇವಿ? ಎಲ್ಲಿ, ಒಂದು ಸಲ ಸರಿ ನೋಡಾಣ. ನಾನು ಹೇಳ್ತೀನಿ, ನೀನು ಕಣ್ಣಾಡಿಸ್ತಾ ಬಾ. "ಮಾನ್ಯರೇ, ಕಳೆದ ಸೋಮವಾರ ಮಧ್ಯಾಹ್ನ ಮಾದನಾಯಕನಹಳ್ಳಿ ಆಚೆಗಿನ ಕಾಡಪ್ಪನ ತೋಟ ಎಂಬ ಬಸ್ ಸ್ಟಾಪಿನ ಕಬ್ಬಿಣದ ಕಂಬವು ಬೋರ್ಡು ಸಮೇತ ಕಾಣೆಯಾಗಿದ್ದು, ಇದರಿಂದ ನಾಡಿನ ಸಮಸ್ತ ಜನತೆ ದಿಗ್ಭ್ರಾಂತರಾಗಿರುತ್ತಾರೆ." ನಾಡಿನ ಅಂತಾನೇ ಇರ್ಲಿ. ನಾಲ್ಕು ಬೀದಿ ಜನ ಅಂತ ಬರೆದ್ರೆ ಯಾವ ಆಫೀಸರು ಓದ್ತಾನೆ?

ಯಾಕೆ, ಪೆನ್ನು ನಿಂತೋಯ್ತು?

ಮಧ್ಯಾಹ್ನ ಅಂತ ನಂಗೆಂಗೆ ಗೊತ್ತು ಅಂತಾನಾ? ಅಂದಾಜಮ್ಮ, ಅಂದಾಜು. ಬೆಳಗ್ಗೆ ಇತ್ತು, ಸಂಜೆ ಇರ್ಲಿಲ್ಲ. ಮಧ್ಯದಲ್ಲಿ ಏನೈತೆ? ಮಧ್ಯಾಹ್ನ ಐತೆ. ಬರ್ಕೋ, ಬರ್ಕೋ.

ಇನ್ನ ಮುಂದಕ್ಕೆ, ಯಾರು ಕಾರಣ ಅಂತ ಬರೀಬೇಕು. "ಇದಕ್ಕೆ ಪಂಚಾಯ್ತಿಯೇ ನೇರ ಹೊಣೆ." ಹಾಕು. ಆಮೇಲೆ ರಾಜ್ಯ ಸರ್ಕಾರ. ಅದರ ಹಿಂದಿನ ಸರ್ಕಾರಾನೂ ಹಾಕು, ಅವ್ರ ಕಾಲದಾಗೇ ಅಲ್ವಾ ಆ ಕಂಬದ ಬುಡ ತುಕ್ಕು ಹಿಡಿದಿದ್ದು? ಡೆಲ್ಲಿಯೋರ್ನೂ ಸೇರ್ಸು. ಒಬ್ಬರನ್ನ ಬಿಟ್ರೆ ಬೇಜಾರ್ ಮಾಡ್ಕೋತಾರೆ. ಊಟಕ್ಕೆ ಕೂರಿಸ್ದಂಗೆ ಇದು, ಪಂಕ್ತಿಯಲ್ಲಿ ಯಾರಿಗೂ ತಪ್ಪಿಸಬಾರ್ದು.

ಒಳಗಡೆ ಕೆಮ್ಮಿದ್ದು ನಮ್ಮ ಮನೆಯೋಳು, ಲಕ್ಷ್ಮಮ್ಮ. ತಲೆ ಕೆಡಿಸ್ಕೋಬೇಡ. ನಾನು ಸರ್ಕಾರ ಅಂದಾಗೆಲ್ಲ ಅವಳಿಗೆ ಕೆಮ್ಮು ಬರ್ತದೆ. ಅದೂ ಸರ್ಕಾರದ್ದೇ, ರೋಡ್ ಅಗೆದು ಧೂಳೆಬ್ಸವ್ರಲ್ಲ.

ನಿನ್ನ ಕೈಬರಹ ಚೆನ್ನಾಗೈತೆ ಕಣವ್ವ. ಬಾಗಲಕೋಟೆ ಕಡೆಯ ಅಕ್ಷರ ಜೋಳದ ತೆನೆ ಇದ್ದಂಗೆ, ಸಾಲಾಗಿ ಕೂರ್ತವೆ. ಅದಕ್ಕೇ ನಿನ್ನ ಕರೆದಿದ್ದು. ನಮ್ಮನೆ ಹಿಂದಿನ ರೂಮಿಗೆ ಬಾಡಿಗೆಗೆ ಬಂದು ಎರಡು ವರ್ಷ ಆಯ್ತು, ಈ ಗೌಡ್ರ ಮಾತು ತೆಗೆದಾಕಲ್ಲ ಅಂತ ಗೊತ್ತು ನಂಗೆ.

ಎಷ್ಟು ಗಂಟೆ? ಆರೂ ಇಪ್ಪತ್ತು. ಸಾಕಷ್ಟು ಹೊತ್ತೈತೆ, ನಿಮ್ಮೋರು ಎಂಟು ಜನಾನೂ ಬೀದಿ ಕೊನೆಯಲ್ಲಿ ನಿಂಗೇ ಕಾಯ್ತಾವ್ರೆ. ನೀನು ಫ್ಲೈಓವರ್ ಹತ್ರದ ಸ್ಟಾಪಿಗೆ ನಡ್ಕೊಂಡು ಹೋಗ್ಬೇಕು ಅಂದ್ರೆ ಆರೂ ಮುಕ್ಕಾಲಿಗೆ ಹೊರಟ್ರೂ ಆಯ್ತದೆ. ಗೊತ್ತು, ಗೊತ್ತು... ಹೋದ ವಾರ ಎರಡು ದಿನ ಲೇಟಾಯ್ತು ನಿಂಗೆ. ಮೂರನೇ ಸಲ ಲೇಟಾದ್ರೆ ಗಾರ್ಮೆಂಟ್ಸಿನ ಗೇಟಲ್ಲೇ ಕಾರ್ಡ್ ಕಿತ್ಕೊಂಡು ವಾಪಸ್ ಕಳಿಸ್ತಾರೆ, ಆಮೇಲೆ ಕೆಲ್ಸ ಇಲ್ಲ. ಪಕ್ಕದ ರೂಮಿನ ದಾನೇಶ್ವರಿ ಹೇಳಿದ್ಲು. ಎಲ್ಲ ಈ ಕಂಬದಿಂದ! ಬೋರ್ಡಿಲ್ಲದ ಕಡೆ ನಿಲ್ಲಿಸಲ್ಲ ಅಂತಾನೆ ಆ ಡ್ರೈವರು. ಎದುರಿಗೇ ಒಂಬತ್ತು ಹೆಣ್ಮಕ್ಕಳು ಕೈ ಅಡ್ಡ ಹಾಕಿ ನಿಂತಿದ್ರೂ ಅವನಿಗೆ ಕಾಣಲ್ಲ, ಕಂಬ ಕಾಣ್ಬೇಕು. ಜನಕ್ಕಿಂತ ಕಂಬ ದೊಡ್ಡದಾಯ್ತು ನೋಡು ಈ ದೇಶದಲ್ಲಿ. ಇದನ್ನೂ ಬರಿ. ಚೆನ್ನಾಗೈತೆ ಇದು.

ನಾನೇನು ಸುಮ್ಮನೆ ಕೂತಿದ್ನಾ? ಗುರುವಾರ ರೋಡಲ್ಲಿ ನಿಂತು ಪ್ರತಿಭಟನೆ ಮಾಡ್ಲಿಲ್ವಾ? ನೀವೆಲ್ಲ ಕೆಲಸಕ್ಕೆ ಹೋಗಿದ್ರಿ, ನೋಡ್ಲಿಲ್ಲ. ನಾನು, ಟೀ ಅಂಗಡಿ ಲಕ್ಷ್ಮಣಪ್ಪ. ಇಬ್ರೇ. ಅದ್ರಲ್ಲೂ ಅವನು ಅರ್ಧಕ್ಕೆ ಹಾಲು ಉಕ್ತು ಅಂತ ಓಡೋದ. "ಕಂಬ ಕದ್ದ ಸರ್ಕಾರಕ್ಕೆ ಧಿಕ್ಕಾರ" ಅಂತ ಒಬ್ಬನೇ ಕೂಗ್ದೆ. ಗಂಟಲು ಬಿದ್ದೋಯ್ತು...

ಯಾಕೆ ನಗ್ತೀಯ? ಇಲ್ವಾ? ತುಟಿ ಅಲ್ಲಾಡ್ತು ಅನ್ನಿಸ್ತು.

ಕೊನೇ ಸಾಲು ಬರ್ಕೋ. ಇದು ಜೋರಾಗಿರ್ಬೇಕು. "ಕಂಬ ಕಿತ್ತ ತಪ್ಪಿತಸ್ಥರು ಎಷ್ಟೇ ದೊಡ್ಡವರಾಗಿದ್ದರೂ ಅವರನ್ನು ಪತ್ತೆ ಹಚ್ಚಿ ಕಠಿಣ ಶಿಕ್ಷೆ ವಿಧಿಸಬೇಕು. ಇಂತಿ, ನಂಜಪ್ಪ ಬಿನ್ ಕಾಡಪ್ಪ, ಮಾಜಿ ಸದಸ್ಯರು, ಗ್ರಾಮ ಪಂಚಾಯ್ತಿ." ಕೊಡಿಲ್ಲಿ, ಮೊದಲನೇ ಸೈನು ನಂದೇ. ಹೂಂ. ಆಯ್ತು. ನಾಳೆ ಡಿಪೋಗೆ ಹೋಗಿ ಕೊಟ್ಬಿಡ್ತೀನಿ. ನೀನಿನ್ನು ಹೊರಡು ತಾಯಿ, ಆರೂವರೆ.

ಹೊರಡು ಅಂದ್ನಲ್ಲ.

ಏನು, ಏಳಲ್ವಾ? ನಿಮ್ಮ ಕಡೆಯೋರು ಒಂದು ಮಾತಿಗೆ ಹತ್ತು "ರೀ" ಹಚ್ಚೋರು. ಒಂದಾದ್ರೂ ಅನ್ನು. "ಹೌದ್ರೀ ಗೌಡ್ರ" ಅನ್ನು.

ಎತ್ತ ನೋಡ್ತಿದ್ದೀಯ?

ಅದಾ? ಅದು ಬಟ್ಟೆ ಒಣಗಾಕೋ ತಂತಿ. ಇತ್ತೀಚೆಗೆ ಕಟ್ಟಿದ್ದು. ಆ ದುಪ್ಪಟ್ಟಿ ನಮ್ಮ ಲಕ್ಷ್ಮಮ್ಮಂದು... ಹೌದಮ್ಮ, ಹೋದ ಸೋಮವಾರಾನೇ ಹಾಕಿದ್ದು. ಏಳು ದಿನ ಆಯ್ತು. ಇನ್ನೂ ಒಣಗಿಲ್ಲ. ದಪ್ಪ ಬಟ್ಟೆ! ಬಿಸಿಲೂ ಮೊದಲಿನಂಗಿಲ್ಲ, ಈ ಫ್ಯಾಕ್ಟರಿಗೆಲ್ಲ ಪರ್ಮಿಶನ್ ಕೊಟ್ಟು ಕೊಟ್ಟು ಹೊಗೆ ಮುಚ್ಕೊಂಡೈತೆ, ಅದಕ್ಕೂ ಸರ್ಕಾರ...

ಕೆಮ್ಮಬೇಡ್ವೇ ಲಕ್ಷ್ಮಮ್ಮ! ಕಾಫಿ ಏನಾಯ್ತು ನೋಡು!

ಈ ಗಾಳಿ ಬೇರೆ. ಬೆಳಬೆಳಗ್ಗೆನೇ ಎಂಗೆ ಬೀಸ್ತೈತೆ... ಮಾದೇವಿ, ಆ ಕಡೆ ನೋಡ್ಬೇಡ. ನನ್ನ ನೋಡು. ಅರ್ಜಿ ನೋಡು. ಅಕ್ಷರ ಏನು ಚೆಂದ...

ದುಪ್ಪಟ್ಟಿ ಹಾರ್ತು. ಬೋರ್ಡು ಓದ್ಬಿಟ್ಯಾ?

ಪೂರ್ತಿ ಕಾಣ್ತಾ, ಇಲ್ಲಾ ಬರೀ "ಕಾಡಪ್ಪ" ಅನ್ನೋದು ಕಾಣ್ತಾ? ಪೂರ್ತಿ. ಸರಿ.

ಏನಾದ್ರೂ ಅನ್ನೇ ತಾಯಿ. ಬೈದ್ಬಿಡು. ನಿಮ್ಮ ಕಡೆ ಬೈಗುಳ ಬಲು ಚೆನ್ನಾಗಿರ್ತವಂತೆ, ಒಂದಾಕು, ಕೇಳ್ತೀನಿ. ಇಂಗೆ ಮಾತ್ರ ನೋಡ್ಬೇಡ.

ಕೇಳಿಲ್ಲಿ. ನಾನು ಕದಿಯಲಿಲ್ಲ. ಪೈಪ್ ಹಾಕೋರು ಅಗೆದು ಅಗೆದು ಅದರ ಬುಡ ಸಡಿಲ ಮಾಡಿದ್ರು. ಹಲ್ಲು ಅಲ್ಲಾಡ್ತಿದ್ರೆ ನಾಲಿಗೆ ಸುಮ್ಮನಿರ್ತದಾ? ನನ್ನ ಕೈಯೂ ಅಂಗೇ ಹೋಯ್ತು. ಎರಡು ಸಲ ಅಲ್ಲಾಡಿಸ್ದೆ, ಬಂದ್ಬಿಡ್ತು. ಮಟಮಟ ಮಧ್ಯಾಹ್ನ, ಎಲ್ಲರ ಕಣ್ಣೆದುರಿಗೇ ಹೆಗಲ ಮೇಲೆ ಹೊತ್ಕೊಂಡು ಬಂದೆ. ಒಬ್ಬನೂ ಕೇಳ್ಲಿಲ್ಲ ಕಣೇ! ಹಗಲೊತ್ತು ಕಬ್ಬಿಣ ಹೊತ್ಕೊಂಡು ಹೋಗ್ತಿದ್ರೆ ಜನ ಅದನ್ನ ಸರ್ಕಾರಿ ಕೆಲಸ ಅಂದ್ಕೋತಾರೆ. ಲಕ್ಷ್ಮಣಪ್ಪ ಅಂತೂ "ಪಾಪ, ವಯಸ್ಸಾದೋರ ಕೈಲಿ ಹೊರಿಸ್ತಾರೆ" ಅಂದ. ಆಮೇಲೆ ಅವನನ್ನೇ ಪ್ರತಿಭಟನೆಗೆ ಕರ್ಕೊಂಡು ಹೋದೆ.

ಯಾಕೆ ಅಂತೀಯ. ಹೇಳ್ತೀನಿ.

ಅದರ ಹಿಂದಿನ ಶುಕ್ರವಾರ ಇಬ್ಬರು ಬಂದಿದ್ರು. ತಲೆಗೆ ಹಳದಿ ಟೋಪಿ, ಕೈಯಲ್ಲಿ ಟೇಪು. ರೋಡ್ ಅಗಲ ಮಾಡ್ತಾರಂತೆ. ಆ ಕಂಬದ ಮೇಲೆ ಒಂದು ಕೆಂಪು ಗುಂಡು ಬರೆದು, ಅಲ್ಲಿಂದ ನಮ್ಮನೆ ಕಡೆ ತಿರುಗಿ ನೋಡಿದ್ರು. ಇನ್ನ ನಮ್ಮನೆಗೇ ಬರ್ತಾರೆ ಅಂತ ಗೊತ್ತಾಯ್ತು ನಂಗೆ. ನಾನು ಹೊಲ ಉತ್ತೋನು ಕಣಮ್ಮ. ನಮಗೆ ಗೊತ್ತಿರೋದು ಒಂದೇ: ಅಳತೆ ಮಾಡ್ಬೇಕಾದ್ರೆ ಬಾಂದುಕಲ್ಲು ಬೇಕು. ಹೊಲದ ಮೂಲೆಯಲ್ಲಿ ಆ ಕಲ್ಲಿಲ್ಲ ಅಂದ್ರೆ ಸರ್ವೆಯೋನು ಸರಪಳಿ ಎಲ್ಲಿಂದ ಹಿಡೀತಾನೆ? ವಾಪಸ್ ಹೋಗ್ಲೇಬೇಕು. ನಮ್ಮಪ್ಪ ಅಂಗೇ ಒಂದು ಕಲ್ಲನ್ನ ಹುಲ್ಲಿನ ಬಣವೆಯಲ್ಲಿಟ್ಟು ಮೂರು ವರ್ಷ ತಳ್ಳಿದ್ದ, ಅವನ ಸೀಬೆ ತೋಟಾನ ಕೈಗಾರಿಕೆಗೆ ಅಂತ ತಗೊಳ್ಳೋವಾಗ. ಮೂರು ಸಲ ಹಣ್ಣು ಕಿತ್ಕೊಂಡ್ವಿ ಆ ಕಲ್ಲಿನ ದಯದಿಂದ. ನಾಲ್ಕನೇ ವರ್ಷ ಜೆಸಿಬಿ ಬಂತು. ಈಗ ಅಲ್ಲಿ ರಟ್ಟಿನ ಡಬ್ಬಿ ಮಾಡೋ ಶೆಡ್ ಐತೆ. ತೋಟ ಉಳಿದಿರೋದು ಬೋರ್ಡಿನ ಮೇಲೆ ಮಾತ್ರ. ಕಂಡಕ್ಟರು ದಿನಕ್ಕೆ ಹತ್ತು ಸಲ "ಯಾರ್ರೀ ಕಾಡಪ್ಪನ ತೋಟ" ಅಂತ ಕೂಗೋನು, ನಾನಿಲ್ಲಿ ಜಗಲಿ ಮೇಲೆ ಕೂತು "ನಾನು ಕಣಪ್ಪ" ಅಂತ ಮನಸ್ಸಲ್ಲೇ ಅಂತಿದ್ದೆ.

ಅದಕ್ಕೇ ಗುಜರಿಗೆ ಹಾಕೋಕೂ ಮನಸ್ಸು ಬರ್ಲಿಲ್ಲ. ತಂತಿ ಕಟ್ಟಿ, ದುಪ್ಪಟ್ಟಿ ಹೊದ್ಸಿದೆ.

ತಡೀತಾ ಅಂತೀಯಾ? ಎಲ್ಲಿ ತಡೀತು! ಬುಧವಾರ ಬಂದ್ರು ಮತ್ತೆ. ಮೂರು ಕಾಲಿನ ಒಂದು ಮಿಷಿನ್ನು ಇಟ್ರು, ಒಂದು ಕಣ್ಣು ಮುಚ್ಚಿ ನೋಡಿದ್ರು, ಗೀಟೆಳೆದ್ರು, ಹೋದ್ರು. ಕಂಬ ಎಲ್ಲಿ ಅಂತ ಒಂದು ಮಾತೂ ಕೇಳ್ಲಿಲ್ಲ. ನಂಗೇ ಅವಮಾನ ಆಯ್ತು. ನೀನು ಕೂತಿದ್ದೀಯಲ್ಲ, ಆ ಚಾಪೆ ಎತ್ತಿ ನೋಡು. ಕಾಣ್ತಾ ಕೆಂಪು ಗೀಟು? ಅದರ ಈಚೆಗೆ ನಾವು, ಆಚೆಗೆ ರೋಡು. ಜಗಲಿ ಮೂರಡಿ ಹೋಯ್ತದೆ.

ಆಮೇಲಾದ್ರೂ ವಾಪಸ್ ನೆಡಬೋದಿತ್ತು... ಹೌದು. ಆದ್ರೆ ಅಷ್ಟೊತ್ತಿಗೆ ಲಕ್ಷ್ಮಣಪ್ಪನ ಅಂಗಡಿಯಲ್ಲಿ ಸರ್ಕಾರ ಕದ್ದೈತೆ ಅಂದ್ಬಿಟ್ಟಿದ್ದೆ. ಜನ ಒಪ್ಕೊಂಡ್ಬಿಟ್ರು. ಒಬ್ಬನಾದ್ರೂ ಅನುಮಾನ ಪಟ್ಟಿದ್ರೆ ನಿಜ ಹೇಳ್ಬಿಡ್ತಿದ್ದೆ. ಸರ್ಕಾರ ಅಂದ್ರೆ ಸಾಕು, ಯಾರೂ ಎರಡನೇ ಮಾತು ಕೇಳಲ್ಲ. ಅದೊಂದು ಅನುಕೂಲ ಐತೆ ಅದ್ರಲ್ಲಿ.

ಅಂಗೆ ನೋಡ್ಬೇಡ್ವೇ. ಮೂರಡಿ ಜಗಲಿಗೆ ಇವನು ಇಷ್ಟು ಮಾಡಿದ್ನಲ್ಲ ಅಂತಾನಾ? ನಿಮ್ಮದು ಊರಿಗೂರೇ ಡ್ಯಾಮಿನ ನೀರಲ್ಲಿ ಹೋಯ್ತು, ಗೊತ್ತು. ನಿಮ್ಮವ್ವ ಬಾಗಿಲ ಚೌಕಟ್ಟು ಬಿಚ್ಕೊಂಡು ಗಾಡಿ ಮೇಲೆ ಹಾಕ್ಕೊಂಡು ಬಂದ್ರು ಅಂತ ನೀನೇ ಅಂದಿದ್ದೆ. ಆದ್ರೂ ನೀನು ಯಾರ ಕಂಬಾನೂ ಕಿತ್ತಿಲ್ಲ. ಮೂರು ಬಸ್ ಬದಲಾಯಿಸಿ ಇಲ್ಲಿಗೆ ಬಂದೆ. ನನ್ನ ಕಡೆಯಿಂದ ನಿನಗೆ ಸಿಕ್ಕಿದ್ದು ಎರಡು ಲೇಟು.

ಗಂಟೆ... ಆರೂ ಐವತ್ತು! ಅಯ್ಯೋ, ಇನ್ನು ನಡೆದ್ರೂ ಸಿಗಲ್ಲ ನಿಂಗೆ ಫ್ಲೈಓವರ್ ಬಸ್ಸು! ಬೇಕಂತಾನೇ ಕೂತ್ಯಾ? ಕೆಲ್ಸ ಹೋಗ್ತದೆ ಅಂತ ಗೊತ್ತಿದ್ದೂ? ನಿನ್ನ... ಗಟ್ಟಿಗಿತ್ತಿ ಕಣೇ ನೀನು.

ಏಳು. ಆ ಬಸ್ಸು ಇಲ್ಲಿಗೆ ಬರೋದ್ರೊಳಗೆ ಕಂಬ ನೆಡಾಣ, ಆ ದುಪ್ಪಟ್ಟಿ ತೆಗಿ. ತಂತಿ ನಾನು ಬಿಚ್ತೀನಿ. ಲಕ್ಷ್ಮಮ್ಮ, ಹಾರೆ ತಾರೇ! ಏನಂದೆ? ಬಾಗಿಲ ಹತ್ರಾನೇ ಇಟ್ಟಿದ್ದೀಯ? ಯಾವಾಗಿಂದ? ಮಂಗಳವಾರದಿಂದ. ಸರಿ ಕಣಮ್ಮ, ಸರಿ.

ಬುಡ ನಂಗಿರ್ಲಿ, ನೀನು ಬೋರ್ಡಿನ ಕಡೆ ಹಿಡ್ಕೋ. ನಿಧಾನ. ಮೋರಿ ನೋಡ್ಕೊಂಡು ದಾಟು. ಲಕ್ಷ್ಮಣಪ್ಪ ನೋಡ್ತಾವ್ನೆ. ನೋಡ್ಲಿ. ಏನಪ್ಪಾ ಲಕ್ಷ್ಮಣಪ್ಪ... ಹೂಂ, ಸಿಕ್ತು. ಎಲ್ಲಿ ಅಂದ್ರೆ... ನಮ್ಮನೆಯಲ್ಲೇ ಇತ್ತು ಕಣಪ್ಪ. ನಾನೇ ಕಿತ್ತಿದ್ದು. ಆಮೇಲೆ ಬಂದು ಬೈಯೋನಂತೆ, ಈಗ ಎರಡು ಕಲ್ಲು ತಂದಾಕು ಬುಡಕ್ಕೆ.

ನೆಟ್ಟಗೈತಾ? ಸ್ವಲ್ಪ ವಾಲೈತೆ. ಇರ್ಲಿ. ಮಣ್ಣು ತುಳಿ.

ಅಗೋ ಬಂತು. ನಿಮ್ಮೋರ್ನೆಲ್ಲ ಕೂಗು! ನೀನೇನು ಕೈ ಅಡ್ಡ ಹಾಕೋದು ಬೇಡ, ಸುಮ್ಮನೆ ಪಕ್ಕದಲ್ಲಿ ನಿಲ್ಲು. ಕಂಬ ನೋಡ್ತಾನೆ ಅವನು.

ಅರ್ಜಿ ಕೊಟ್ಟೋಗು ಮಾದೇವಿ. ಯಾಕೆ, ಬ್ಯಾಗಿಗೆ ಹಾಕ್ಕೊಂಡೆ? ಅದ್ರಲ್ಲಿ ಕಠಿಣ ಶಿಕ್ಷೆ ಅಂತ ಐತೆ ಕಣೇ, ಕೆಳಗಡೆ ನನ್ನ ಸೈನೈತೆ! ಈಗ ನಗ್ತಿದ್ದೀಯ, ಇದು ಖಂಡಿತ ನಗೂನೇ...

ಹತ್ತು, ಹತ್ತು.

ಲಕ್ಷ್ಮಣಪ್ಪ, ಟೈಮೆಷ್ಟು? ಏಳೂ ಹನ್ನೊಂದು. ಬಸ್ಸು ನಿಲ್ತು. ಒಂಬತ್ತು ಜನ ಹತ್ತಿದ್ರು.