ಸಾಕ್ಷಿಯ ಸಹಿ

ಮಾನವ ಹಕ್ಕುಗಳ ಆಯೋಗದ ಕಚೇರಿಯ ಸಾಲಿನಲ್ಲಿ ನಿಂತಿದ್ದ ದರ್ಜಿಗೆ, ಮುಂದಿದ್ದ ಅಕ್ಕತಂಗಿಯರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

"ಮಗನ್ನ ಠಾಣೇಲಿ ಹೊಡೆದಿದ್ದಕ್ಕೆ ಅರ್ಜಿ ಕೊಟ್ಟಿದ್ದೆಯಲ್ಲಕ್ಕಾ, ಏನಾಯ್ತು?"

"ವಿಚಾರಿಸಿ ವರದಿ ಕೊಡಿ ಅಂತ ಆಯೋಗದವರು ಬರೆದ್ರು."

"ಯಾರಿಗೆ?"

"ಅದೇ ಠಾಣೆಗೆ."

"ಅಯ್ಯೋ!"

"ಹೊಡೆದವನೇ ಹೇಳಿಕೆ ಬರ್ಕೊಳ್ಳೋಕೆ ಮನೆಗೆ ಬಂದಿದ್ದ. ಕುರ್ಚಿ ಹಾಕ್ದೆ, ನೀರು ಕೊಟ್ಟೆ. ಮಗ ಬಾಗಿಲ ಹಿಂದೆ ಅವಿತಿದ್ದ."

"ಅವನ ಕೈ ಸೇದಿಹೋಗ! ಮತ್ತೆ ಇವತ್ತು ನನ್ನನ್ಯಾಕೆ ಕರ್ಕೊಂಡು ಬಂದೆ?"

"ಸ್ವಂತ ಇಷ್ಟದಿಂದ ಅರ್ಜಿ ವಾಪಸ್ ತಗೊಳ್ತಿದ್ದೀನಿ ಅನ್ನೋಕೆ ಒಬ್ರು ಸಾಕ್ಷಿ ಬೇಕಂತೆ. ಅವನೇ ಹೇಳಿಕೊಟ್ಟ."

ಕಿಟಕಿಯಲ್ಲಿ ಇಬ್ಬರೂ ಸಹಿ ಹಾಕಿ ಮೆಟ್ಟಿಲಿಳಿದು ಹೋದರು.

"ಮುಂದಿನವರು ಬನ್ನಿ. ಯಾರ ಮೇಲೆ ದೂರು?" ಎಂದ ಗುಮಾಸ್ತ.

ಜೇಬಿನಲ್ಲಿದ್ದ, ಪೊಲೀಸರ ಮೇಲಿನ ಅರ್ಜಿ ಹಿಡಿದ ದರ್ಜಿಯ ಕೈ ಈಚೆ ಬರಲೇ ಇಲ್ಲ.