ಕಾಗಿಣಾ ಹೊಳೆಯ ದೊಡ್ಡಾಕಿ

ಮಧ್ಯಾಹ್ನದಿಂದ ಸುರಿದ ಮಳೆಗೆ ಕಾಗಿಣಾ ಹೊಳೆ ಸೇತುವೆ ಮುಟ್ಟಿತ್ತು. ಸೇಡಂ ಬಸ್ಸು ಬರುವುದಿಲ್ಲವೆಂದು ಖಾತ್ರಿಯಾದ ಮೇಲೆ ನಾವು ಐದಾರು ಜನ ಅಮೃತಪ್ಪಜ್ಜನ ಪಡಸಾಲೆಯಲ್ಲಿ ಮುದುಡಿ ಕುಳಿತೆವು. ಅಜ್ಜನ ಮನೆತನದವರು ಒಂದು ಕಾಲಕ್ಕೆ ಜನರನ್ನು ಹೊಳೆ ದಾಟಿಸುತ್ತಿದ್ದ ಅಂಬಿಗರು. "ನಿಮ್ಮ ದೋಣಿ ಏನಾತಜ್ಜಾ?" ಎಂದು ಯಾರೋ ಕೇಳಿದ್ದಕ್ಕೆ ಅಜ್ಜ ಸಿಡುಕಿದ.

"ಏನಾತು ಅನ್ನಬ್ಯಾಡ್ರಿ, ಯಾಕಾತು ಅಂತ ಕೇಳ್ರಿ. ನಡುವ ಬಾಯಿ ಹಾಕಬಾರದು ಮತ್ತ...

"ನಿಜಾಮನ ಕಾಲ. ಆಗ ಹೊಳಿ ಮ್ಯಾಲ ಪೂಲ್ ಎಲ್ಲಿತ್ತು? ಸಂತಿಗಿ ಹೋಗೋರು, ಕಚೇರಿಗಿ ಹೋಗೋರು, ಮದುವಿ ದಿಬ್ಬಣ, ಎಲ್ಲಾರೂ ನಮ್ಮ ದೋಣ್ಯಾಗೇ ದಾಟಬೇಕು. ನಮ್ಮ ಮನಿ ಪದ್ಧತಿ ಏನಂದ್ರ, ಹುಟ್ಟು ಹಿಡಿಯೋ ಗಂಡಸು ಮೊದಲ ದೋಣಿಗಿ ತಾಳಿ ಕಟ್ಟಬೇಕು, ಆಮ್ಯಾಲ ಹೆಣ್ಣಿಗಿ. ದೋಣಿ ದೊಡ್ಡಾಕಿ, ಮನಿಗಿ ಬಂದಾಕಿ ಸಣ್ಣಾಕಿ.

"ನಮ್ಮಣ್ಣ ಅಂಬಾರಾಯನ ಹೆಂಡ್ತಿ ಚಂದಮ್ಮ. ಅಕಿಗಿ ಸಣ್ಣಾಕಿ ಅಂದ್ರ ಮೈ ಉರೀತಿತ್ತು. ಅಣ್ಣ ಹಗಲೆಲ್ಲಾ ಹೊಳ್ಯಾಗ, ಮನಿಗಿ ಬಂದ್ರೂ ದೋಣಿ ಮಾತೇ. ಕಟ್ಟಿಗಿ ಮ್ಯಾಲ ಯಾರರೆ ಹೊಟ್ಟಿಕಿಚ್ಚು ಪಡ್ತಾರೇನ್ರಿ? ಇಕಿ ಪಟ್ಟಳು.

"ಆ ವರ್ಷ ಹೊಸ ನೀರು ಬಂದಾಗ ಅಣ್ಣ ಪೂಜಿಗಿ ಹಸರು ಜರಿ ಸೀರಿ ತಂದ. ದೋಣಿ ಮೂತಿಗಿ ಉಡಿಸಿ, ಕುಂಕುಮ ಹಚ್ಚಿ, ಹೋಳಿಗಿ ಇಟ್ಟ. ಮಂದಿ, 'ದೊಡ್ಡಾಕಿ ಭಾಳ ಚೆಂದ ಕಾಣ್ಲಿಕತ್ತಾಳ' ಅಂದ್ರು. ಅಷ್ಟೇ... ಮರುದಿನ ಚಂದಮ್ಮ ಆ ಸೀರಿ ಬಿಚ್ಚಿಕೊಂಡು ತಾನೇ ಉಟ್ಟಳು. ದಂಡ್ಯಾಗ ಅಣ್ಣನ ಎದುರ ನಿಂತು, 'ಹೇಳ್ರಿ, ಯಾರು ಚೆಂದ?' ಅಂದಳು. ಸಿಟ್ಟಿಗೇಳ್ತಾನ ಅಂತ ನಾ ಅನ್ಕೊಂಡಿದ್ದೆ. ಹುಚ್ಚ ನಮ್ಮಣ್ಣ ನಕ್ಕು, 'ನೀನೇ' ಅಂದುಬಿಟ್ಟ. ದೋಣ್ಯಾಗ ನಿಂತೇ ಅಂದ!

"ಅವತ್ತೇ ಮಂದೀನ ಆ ದಂಡಿಗಿ ಇಳಿಸಿ ಒಬ್ಬನೇ ಹೊಳ್ಳಿ ಬರ್ಲಿಕತ್ತಿದ್ದ. ಗಾಳಿ ಇಲ್ಲ, ಸುಳಿ ಇಲ್ಲ. ನಟ್ಟನಡುವ ದೋಣಿ ನಿಂತು... ಮೆಲ್ಲಗ ಮುಳುಗಿತು, ಹೆಣ್ಮಗಳು ಜಳಕಕ್ಕ ಇಳದಂಗ. ಅಣ್ಣ ಕೂಗಲಿಲ್ಲ. ಸಂಜೀಕ ದೋಣಿ ತಾನೇ ತೇಲಿ ದಂಡಿಗಿ ಬಂತು. ಒಳಗ ಹನಿ ನೀರಿಲ್ಲ, ಅಣ್ಣನೂ ಇಲ್ಲ. ಮೂತ್ಯಾಗ ಎರಡು ತಾಳಿ. ಚಂದಮ್ಮ ಕೊರಳು ಮುಟ್ಟಿ ನೋಡ್ಕೊಂಡಳು... ಬರೀ ಕೊರಳು.

"ದೋಣಿ ಸುಟ್ಟೆವು. ಪೂಲ್ ಆತು. ಆದ್ರ ದೊಡ್ಡಾಕಿ ಹೊಟ್ಟಿಕಿಚ್ಚು ಎಲ್ಲಿ ಹೋಗ್ತದ?"

ಮೊಮ್ಮಗ ಭೀಮಶಾನ ಹೊಸ ಹೆಂಡತಿ ಚಹಾ ತಂದು ಬಾಗಿಲಲ್ಲೇ ನಿಂತಿದ್ದಳು. ಅಜ್ಜ ಅವಳ ಕಡೆ ತಿರುಗಿದ.

"ಮುಂಜಾನಿ ನಮ್ಮ ಭೀಮಶಾ ನಿನಗ, 'ನಿನ್ನಂಥ ಚೆಲುವಿ ಯಾರಿಲ್ಲ' ಅಂದದ್ದು ನನಗ ಕೇಳಿಸ್ತು. ಈಗ ಎಲ್ಲ್ಯದಾನವ್ವಾ ಅಂವ?"

"ಹೊಳಿ ನೋಡಿ ಬರ್ತೀನಿ ಅಂತ ಹೋಗ್ಯಾರ್ರಿ..."

ಅಜ್ಜ ಗೋಡೆ ಹಿಡಿದು ಎದ್ದ. "ನಡಿ, ದಂಡಿಗಿ ನಿಂತು ಕೂಗು. ಅವನ ಹೆಸರು ಹಿಡೀಬ್ಯಾಡ. 'ದೊಡ್ಡಾಕೀ, ಸಣ್ಣಾಕಿ ಬೇಡ್ಕೊಳ್ಳಿಕತ್ತೀನಿ, ಕೊಟ್ಟು ಕಳಸು' ಅನ್ನು. ಅಕಿಗಿ ಕೇಳಿಸ್ತದ."