ಕಿಡಿಯಿಲ್ಲದೆ ಹೋದ ಕಾರು

ಸೊಕ್ಕೆ ದಾರಿಯ ಹಾಳುಬಾವಿ ಗೊತ್ತಲ್ಲ? ಕತ್ತಲಾದ ಮೇಲೆ ಆ ಕಡೆ ಒಬ್ಬೊಬ್ಬರೇ ಹೋಗಬೇಡಿ ಅಂತ ನಾನು ಸುಮ್ಮನೆ ಬಡಕೊಳ್ಳಲ್ಲ. ನಮ್ಮ ಪಕ್ಕದ ಮನೆ ಮಾರುತೇಶನಿಗೆ ಆದದ್ದು ಕೇಳಿ. ಜಗಳೂರಲ್ಲಿ ಕಾರು ರಿಪೇರಿ ಮಾಡ್ತಾನಲ್ಲ, ಅವನೇ. ಆ ಬಾವಿ ದೆವ್ವ ಅಂದರೆ ಹಲ್ಲು ಕಿಸಿಯುತ್ತಿದ್ದ.

ಅವತ್ತು ರಾತ್ರಿ ಅವನವ್ವ ತಿಪ್ಪಮ್ಮನಿಗೆ ಎದೆನೋವು. ಹಳೇ ಕಾರಿನ ಹಿಂದಿನ ಸೀಟಲ್ಲಿ ಮಲಗಿಸಿಕೊಂಡು ಜಗಳೂರು ಆಸ್ಪತ್ರೆಗೆ ಹೊರಟ. ಬಾವಿ ಹತ್ತಿರ ಬರುತ್ತಲೂ... ಎಂಜಿನ್ ಒಮ್ಮೆ ಕೆಮ್ಮಿ, ಗಪ್ಪಂತ ನಿಂತಿತು. ಫೋನಿಗೆ ಸಿಗ್ನಲ್ ಇಲ್ಲ.

"ಮಗಾ... ಉಸ್ರು ಕಟ್ತೈತೆ..."

"ಒಂದ್ನಿಮಿಷ ತಡಿಯವ್ವಾ."

ಬಾನೆಟ್ ಎತ್ತಿದ. ಒಂದು ಪ್ಲಗ್ ಬಿಚ್ಚಿ ವೈರಿಗೆ ಸಿಕ್ಕಿಸಿ, ಎಂಜಿನ್ನಿನ ಕಬ್ಬಿಣಕ್ಕೆ ತಾಗಿಸಿ ಹಿಡಿದ. ಯಾರಾದರೂ ಕೀ ತಿರುಗಿಸಿದರೆ ಕಿಡಿ ಹಾರಬೇಕು. ಗ್ಯಾರೇಜಿನ ಅಭ್ಯಾಸ ನೋಡಿ... ಮುಂದಿನ ಸೀಟಲ್ಲಿ ಯಾರೂ ಇಲ್ಲ ಅನ್ನೋದು ಮರೆತು, ಬಾನೆಟ್ಟಿನ ಮರೆಯಿಂದ ಕೂಗಿಯೇಬಿಟ್ಟ. "ಸೆಲ್ಫ್ ಹೊಡಿ!"

ಕಿರ್ರ್... ಕಿರ್ರ್... ಕಿರ್ರ್...

ಯಾರೋ ಹೊಡೆದರು. ದಾರಿಹೋಕರು ಯಾರೋ ಪುಣ್ಯಾತ್ಮರು ಅಂದುಕೊಂಡ, ಪಾಪ. ಕಿಡಿ ಬರಲಿಲ್ಲ.

"ಬಂತಾ?" ಒಳಗಿಂದ ಪಿಸುದನಿ.

"ಇಲ್ಲ ಕಣ್ರೀ. ಮಾಡ್ಯೂಲ್ ಕಾದೈತೆ."

ಮಾಡ್ಯೂಲ್ ಅಂದರೆ ಒಂದು ಪುಟ್ಟ ಡಬ್ಬಿ. ಅದು ಕಾಯಿಲ್ ಅನ್ನೋ ತಂತಿಸುರುಳಿಯ ಕರೆಂಟನ್ನು ಟಕ್ಕಂತ ಕಡಿದಾಗಲೆಲ್ಲ ಪ್ಲಗ್ಗಲ್ಲಿ ಕಿಡಿ ಹಾರುತ್ತೆ. ಹಳೆಯದಾದರೆ, ಕಾದಾಗ ಸಾಯುತ್ತೆ, ತಣ್ಣಗಾದರೆ ಏಳುತ್ತೆ.

"ಬಾವ್ಯಾಗೆ ನೀರೈತೆ. ಹೋಗು... ಅವ್ವನ್ನ ನಾನು ನೋಡ್ಕಂತೀನಿ."

ಪ್ಲಗ್ ಜೇಬಿಗೆ ಹಾಕಿ, ಡಬ್ಬಿ ಬಿಚ್ಚಿಕೊಂಡು ಓಡಿದ. ಟವೆಲ್ ಅದ್ದಿ ಡಬ್ಬಿಗೆ ಸುತ್ತುತ್ತಿದ್ದಾನೆ... ಹಿಂದೆ ಧಡ್ ಅಂತ ಬಾನೆಟ್ ಬಿತ್ತು. ಕಿರ್ರ್... ಭರ್ರ್ರ್! ಡಬ್ಬಿ ಅವನ ಮುಷ್ಟಿಯಲ್ಲೇ ಇದೆ, ಕಾರು ಹೊರಟಿದೆ! "ಅವ್ವಾ!" ಅಂತ ಅದರ ಹಿಂದೆ ಓಡಿದ. ಚಪ್ಪಲಿ ಕಿತ್ತುಹೋಯಿತು, ಆದರೂ ಓಡಿದ.

ಜಗಳೂರು ಮುಟ್ಟುವಷ್ಟರಲ್ಲಿ ಬೆಳ್ಳಗೆ ಬೆಳಗಾಗಿತ್ತು. ಕಾರು ಆಸ್ಪತ್ರೆ ಮುಂದೆ ನೀಟಾಗಿ ನಿಂತಿತ್ತು. ಗಾಜು ಏರಿಸಿದೆ, ಬಾಗಿಲು ಲಾಕ್. ಮುಂದಿನ ಸೀಟು ಖಾಲಿ. ಗಾಜು ಒಡೆದು ತಿಪ್ಪಮ್ಮನನ್ನು ಎತ್ತಿಕೊಂಡಾಗ ಮೈ ಇನ್ನೂ ಬೆಚ್ಚಗಿತ್ತು. ಈಗಷ್ಟೇ ಜೀವ ಹೋಗಿದೆ, ಸ್ವಲ್ಪ ಮುಂಚೆ ಒಳಗೆ ತಂದಿದ್ದರೆ ಉಳಿಯುತ್ತಿದ್ದರು ಅಂದರು ಡಾಕ್ಟರು.

ನಾನು ಕಟ್ಟಿ ಹೇಳ್ತಿದ್ದೀನಿ ಅನಿಸಿದರೆ, ಅಲ್ಲೇ ಎದುರಿಗೆ ಚಹಾ ಮಾರೋ ಲಕ್ಷ್ಮಕ್ಕನ್ನ ಕೇಳಿ. ಈಗಲೂ ಆಣೆ ಮಾಡಿ ಹೇಳ್ತಾಳೆ.

"ರಾತ್ರಿಯೆಲ್ಲ ಕಾರು ಇಲ್ಲೇ ಇತ್ತು. ಆ ಅಜ್ಜಿ ಒಳಗಿಂದ ಗಾಜು ಬಡೀತಿತ್ತು. ಸ್ಟೇರಿಂಗ್ ಮುಂದೆ ಒಬ್ಳು ಹೆಣ್ಮಗಳು ಕೂತಿದ್ಲು. ಒಳಾಕೆ ಕರ್ಕಂಡು ಹೋಗ್ರೀ ಅಂದೆ. ಗಾಜು ಒಂಚೂರು ಇಳಿಸಿ, 'ಇವ್ರ ಮಗ ಬರ್ಲಿ, ಬಂದು ನೋಡ್ಲಿ' ಅಂದ್ಲು."